ಕಂಬದಿಂದ ಬಿದ್ದ ಮೇಲೆ ಸಿಕ್ಕ ಮೇಷ್ಟ್ರು

ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಕಬ್ಬಿಣದ ಪೈಪು ನಿಂತಿದೆ. ಬಟ್ಟೆ ಒಣಗಿಸುವ ತಂತಿ ಕಟ್ಟಲು ಅಪ್ಪ ಹಾಕಿಸಿದ್ದು. ಮೂರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ನಾನು ಆ ಪೈಪಿಗೆ ನೇತುಬಿದ್ದೆ. ಮೊಬೈಲಿನಲ್ಲಿ ಪೋಲ್ ಡಾನ್ಸ್ ವಿಡಿಯೊ ನೋಡಿ ಹುಚ್ಚು ಹಿಡಿದಿತ್ತು. ಗಾಳಿಯಲ್ಲಿ ತೇಲುವಂತೆ ಕಂಬದ ಸುತ್ತ ತಿರುಗುವ ಆ ಹುಡುಗಿಯರನ್ನು ಕಂಡು, ಇದೇನು ಮಹಾ ಅನ್ನಿಸಿತ್ತು. ಗುಬ್ಬಿಯಲ್ಲಿ ಇದನ್ನು ಕಲಿಸುವವರು ಯಾರೂ ಇಲ್ಲ. ಕಲಿಯುತ್ತೇನೆಂದು ಮನೆಯಲ್ಲಿ ಬಾಯಿಬಿಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ಮಧ್ಯಾಹ್ನ ಅಮ್ಮ, ಅಜ್ಜಿ ಮಲಗಿದ ಮೇಲೆ ತಾರಸಿಯೇ ನನ್ನ ಶಾಲೆಯಾಯಿತು.

ಮೊದಲ ದಿನ ತೊಡೆಯ ಒಳಭಾಗದಲ್ಲಿ ನೀಲಿಗಟ್ಟಿತು. ಎರಡನೇ ದಿನ ಅಂಗೈ ಸುಲಿಯಿತು. ನೋವಿಲ್ಲದೆ ಏನೂ ಬರುವುದಿಲ್ಲ ಎಂದು ವಿಡಿಯೊದವರು ಹೇಳಿದ್ದನ್ನೇ ವೇದವಾಕ್ಯ ಮಾಡಿಕೊಂಡು ಮೂರನೇ ದಿನವೂ ಏರಿದೆ. ಕೈ ಜಾರಿತು. ಬಲ ಮಣಿಕಟ್ಟು ಮಡಚಿಕೊಂಡು ಬಿದ್ದೆ. ಭುಜದಲ್ಲಿ ಚಳಕ್ ಎಂದಿತು. ಬಸ್ಸಿನಿಂದ ಇಳಿಯುವಾಗ ಬಿದ್ದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಜ್ಜಿ ಬಿಸಿ ಮಾಡಿದ ಹರಳೆಣ್ಣೆ ಸವರಿದಳು. ಮುಂದಿನ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ ಬರೆಯುವಾಗ ಎರಡು ಪುಟ ದಾಟುವಷ್ಟರಲ್ಲಿ ಪೆನ್ನು ಹಿಡಿಯಲಾಗದೆ ಕಣ್ಣಲ್ಲಿ ನೀರು ಬಂತು. ಆ ವಿಷಯದಲ್ಲಿ ಅಂಕ ಹೋಯಿತು. ನೋವಿಗಿಂತ ಹೆಚ್ಚಾಗಿ ಕಾಡಿದ್ದು, ಹೀಗೆ ಬಿದ್ದೆನೆಂದು ಯಾರಿಗೂ ಹೇಳಲಾರದ ಸಂಕಟ.

ಕೊನೆಗೆ ಹೇಳಿದ್ದು ಬಾಗಲಕೋಟೆ ಕಡೆಯ ನನ್ನ ಕ್ಲಾಸ್‌ಮೇಟ್‌ಗೆ. ಅವಳು ಬಿದ್ದು ಬಿದ್ದು ನಕ್ಕಳು. ಅವಳು ಶಾಲೆಯಲ್ಲಿದ್ದಾಗ ಮಲ್ಲಕಂಬದ ಹುಡುಗಿಯಂತೆ. ತುಳಸಿಗೇರಿ, ಲಕ್ಷ್ಮೇಶ್ವರದ ಕಡೆ ಚಿಕ್ಕ ಮಕ್ಕಳು ಕಂಬದ ಮೇಲೆ ನಿಂತು ಯೋಗ ಮಾಡುತ್ತಾರೆ, ನೀನು ಬಟ್ಟೆ ಒಣಗಿಸುವ ಪೈಪಿಗೆ ಸೋತೆಯಲ್ಲ ಎಂದು ರೇಗಿಸಿದಳು. ನಮ್ಮ ನಾಡಿಗೆ ಕಂಬದ ಕಸರತ್ತು ಹೊಸದಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಜಟ್ಟಿಗಳು ಕಂಬದ ಮೇಲೆ ಮಾಡುವ ಸಾಧನೆಯ ಮಾತು ಬರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಕೆಲವನ್ನು ಹಗ್ಗಕ್ಕೆ ಜೋತುಬಿದ್ದೇ ಮಾಡಬೇಕು. ಆ ಚಿತ್ರಗಳ ಬೆನ್ನು ಹತ್ತಿ ಓದುತ್ತಾ ಹೋದಾಗ ಮೈಸೂರಿನ ಇನ್ನೊಬ್ಬರು ಎದುರಾದರು. ಅವರೇ ತಿರುಮಲೈ ಕೃಷ್ಣಮಾಚಾರ್ಯ. ಮೈಯನ್ನು ಪೆಟ್ಟಾಗದಂತೆ ಪಳಗಿಸುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಅವರ ನೂರು ವರ್ಷದ ಬದುಕೇ ಒಂದು ಉತ್ತರದಂತೆ ಕಂಡಿತು. ಆದರೆ ಅದು ನೇರವಾದ ಉತ್ತರವಲ್ಲ.

ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಹಿರಿಯ ಮಗ. ಹತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಸಂಸಾರ ಮೈಸೂರಿಗೆ ಬಂತು. ಪರಕಾಲ ಮಠದಲ್ಲಿ ವೇದ, ಸಂಸ್ಕೃತ ಓದಿದರು. ಹದಿನೆಂಟನೆಯ ವಯಸ್ಸಿನಲ್ಲಿ ಕಾಶಿಗೆ ಹೋದರು. ತರ್ಕ, ವ್ಯಾಕರಣ, ಮೀಮಾಂಸೆ, ಆಯುರ್ವೇದ ಹೀಗೆ ಓದಿದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳು ವರ್ಷಕ್ಕೂ ಹೆಚ್ಚು ಕಾಲ ಯೋಗ ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮನೆಗೆ ಹೋಗಿ ಮದುವೆಯಾಗು, ಯೋಗ ಕಲಿಸು ಎಂಬುದೇ ಗುರು ಕೇಳಿದ ದಕ್ಷಿಣೆಯಂತೆ.

ಅಷ್ಟೆಲ್ಲ ಓದಿದವರಿಗೆ ಎಲ್ಲಾದರೂ ದೊಡ್ಡ ಕೆಲಸ ಸಿಗಬೇಕಿತ್ತು. ಕೆಲಸ ಹುಡುಕುವ ನಮ್ಮಂಥವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯೋಗ ಕಲಿಸಿದರೆ ಹೊಟ್ಟೆ ತುಂಬುವ ಕಾಲವಲ್ಲ ಅದು. 1925ರಲ್ಲಿ ನಾಮಗಿರಿಯಮ್ಮನವರನ್ನು ಮದುವೆಯಾದ ಮೇಲೆ ಅವರು ಹಾಸನದ ಕಡೆ ಕಾಫಿ ತೋಟವೊಂದರಲ್ಲಿ ಮೇಸ್ತ್ರಿಯಾಗಿ ದುಡಿದರು. ಹೆಂಡತಿಯ ಸೀರೆಯ ತುಂಡನ್ನೇ ಉಟ್ಟುಕೊಂಡ ಬಡತನದ ದಿನಗಳ ಕಥೆಗಳಿವೆ. ರಜೆಯ ದಿನಗಳಲ್ಲಿ ಊರೂರು ತಿರುಗಿ ಪ್ರದರ್ಶನ ಕೊಡುತ್ತಿದ್ದರು. ನಾಡಿಬಡಿತ ನಿಲ್ಲಿಸಿ ತೋರಿಸುವುದು, ಬರಿಗೈಯಲ್ಲಿ ಕಾರು ತಡೆಯುವುದು, ಹಲ್ಲಿನಿಂದ ಭಾರ ಎತ್ತುವುದು. ಜನ ಸೇರಬೇಕಿದ್ದರೆ ಏನಾದರೂ ಚಮತ್ಕಾರ ಬೇಕು. ಇವತ್ತಿನ ರೀಲ್ಸ್‌ಗೂ ಅಂದಿನ ಆ ಪ್ರದರ್ಶನಕ್ಕೂ ಬಹಳ ದೂರವಿಲ್ಲ ಎಂದು ನನಗನ್ನಿಸಿತು.

ನಾಲ್ವಡಿ ಕೃಷ್ಣರಾಜ ಒಡೆಯರು ಅವರ ಕೈಹಿಡಿದರು. 1931ರಲ್ಲಿ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಕೆಲಸ ಸಿಕ್ಕಿತು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗವನ್ನು ಯೋಗಶಾಲೆಗೆಂದು ಬಿಟ್ಟುಕೊಟ್ಟರು. ಮರುವರ್ಷವೇ ಅವರ ಯೋಗ ಮಕರಂದ ಪುಸ್ತಕ ಬಂತು, ಅದೂ ಕನ್ನಡದಲ್ಲಿ. ಇವತ್ತು ಜಗತ್ತೆಲ್ಲ ಮಾಡುವ ಯೋಗದ ಬಹುಪಾಲು ಮೈಸೂರಿನ ಆ ಹಜಾರದಿಂದಲೇ ಹೊರಟಿದ್ದು. ಹಾಸನ ಜಿಲ್ಲೆಯ ಕೌಶಿಕದ ಹುಡುಗ ಪಟ್ಟಾಭಿ ಜೋಯಿಸ್, ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿ ಎಲ್ಲರೂ ಅಲ್ಲಿನ ಶಿಷ್ಯರೇ.

ಇಷ್ಟರವರೆಗೆ ಓದಿದಾಗ ನನಗೊಬ್ಬ ದೇವರಂಥ ಗುರು ಸಿಕ್ಕಿದರೆಂದುಕೊಂಡೆ. ಮುಂದಿನ ಕಥೆ ಓದಿ ಪುಸ್ತಕ ಮುಚ್ಚಿಟ್ಟೆ.

ಅಯ್ಯಂಗಾರ್ ಅವರು ನಾಮಗಿರಿಯಮ್ಮನವರ ತಮ್ಮ. 1934ರಲ್ಲಿ ಭಾವನ ಮನೆಗೆ ಬಂದಾಗ ಹದಿನೈದು ಹದಿನಾರರ ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಅನುಭವಿಸಿ ಕಡ್ಡಿಯಾಗಿದ್ದ. ಭಾವ ಅವನಿಂದ ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಒಂದು ದಿನ ಮನೆಯಲ್ಲಿದ್ದ ನುರಿತ ಶಿಷ್ಯ ಓಡಿಹೋದ. ದೊಡ್ಡ ಪ್ರದರ್ಶನವೊಂದು ಹತ್ತಿರದಲ್ಲಿತ್ತು. ಗುರುಗಳು ಈ ಹುಡುಗನನ್ನೇ ಹಿಡಿದು ಕೆಲವೇ ದಿನಗಳಲ್ಲಿ ಕಷ್ಟದ ಆಸನಗಳಿಗೆ ದೂಡಿದರು. ಇನ್ನೊಮ್ಮೆ ಎಲ್ಲರೆದುರು ಹನುಮಾನಾಸನ ಮಾಡೆಂದರು. ಎರಡು ಕಾಲನ್ನೂ ಹಿಂದೆ ಮುಂದೆ ನೀಳವಾಗಿ ಚಾಚಿ ನೆಲಕ್ಕೆ ಕೂರುವ ಆಸನವದು. ಹುಡುಗ ಅದನ್ನು ಕಲಿತೇ ಇರಲಿಲ್ಲ. ಚಡ್ಡಿ ಬಿಗಿ ಎಂದು ನೆಪ ಹೇಳಿದ. ಗುರುಗಳು ಕತ್ತರಿ ತರಿಸಿ ಚಡ್ಡಿಯ ಬದಿ ಕತ್ತರಿಸಿದರು. ಹುಡುಗ ಕೂತ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಬಹಳ ಕಾಲ ಸರಿಯಾಗಿ ನಡೆಯಲಾಗಲಿಲ್ಲ ಎಂದು ಅಯ್ಯಂಗಾರ್ ಮುಂದೆ ನೆನೆದಿದ್ದಾರೆ.

ನನ್ನ ಮಣಿಕಟ್ಟು ಆಗ ತಾನಾಗಿ ಮಿಡಿಯಿತು. ತಾರಸಿಯಲ್ಲಿ ನನ್ನನ್ನು ದೂಡಿದ್ದು ಯಾವ ಗುರುವೂ ಅಲ್ಲ, ನಾನೇ. ಆದರೆ ತಪ್ಪು ಒಂದೇ. ಮೈ ಸಿದ್ಧವಾಗುವ ಮೊದಲೇ ನೋಡುವವರ ಕಣ್ಣಿಗೆ ಸಿದ್ಧವಾಗಲು ಹೋಗುವುದು. ನಾನು ಬಿದ್ದ ಆ ಮಧ್ಯಾಹ್ನವೂ ಮೊಬೈಲ್ ಟ್ಯಾಂಕಿಗೆ ಒರಗಿ ರೆಕಾರ್ಡ್ ಮಾಡುತ್ತಲೇ ಇತ್ತು.

ಅಷ್ಟಕ್ಕೇ ಕೃಷ್ಣಮಾಚಾರ್ಯರನ್ನು ಕೈಬಿಟ್ಟಿದ್ದರೆ ನಾನು ಅರ್ಧ ಮನುಷ್ಯನನ್ನು ಮಾತ್ರ ತಿಳಿದಂತಾಗುತ್ತಿತ್ತು. ಅವರ ಬದುಕಿನ ದ್ವಿತೀಯಾರ್ಧವೇ ಬೇರೆ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂತು, ಅರಮನೆಯ ಆಸರೆ ಹೋಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಮೇಷ್ಟ್ರು ಮನೆತುಂಬ ಮಕ್ಕಳನ್ನಿಟ್ಟುಕೊಂಡು ಮತ್ತೆ ಕೆಲಸ ಹುಡುಕಬೇಕಾಯಿತು. 1952ರಲ್ಲಿ ಮದರಾಸು ಸೇರಿದರು. ಪಾರ್ಶ್ವವಾಯು ಬಡಿದಿದ್ದ ಹೆಸರಾಂತ ನ್ಯಾಯವಾದಿಯೊಬ್ಬರಿಗೆ ಚಿಕಿತ್ಸೆ ನೀಡಲೆಂದು ಹೋದವರು ಅಲ್ಲೇ ಉಳಿದರು. ಈಗ ಅವರ ಮುಂದೆ ಬಂದು ಕೂತವರು ಜಿಗಿದಾಡುವ ಅರಮನೆಯ ಹುಡುಗರಲ್ಲ. ಬೆನ್ನುನೋವಿನವರು, ಉಬ್ಬಸದವರು, ಬಸುರಿಯರು, ಮುದುಕರು. ಅವರನ್ನೆಲ್ಲ ಹನುಮಾನಾಸನಕ್ಕೆ ದೂಡಲಾಗುತ್ತದೆಯೇ?

ಮೇಷ್ಟ್ರು ಬದಲಾದರು. ಮೊದಲು ನಾಡಿ ಹಿಡಿದು ನೋಡುವುದು, ಉಸಿರು ಗಮನಿಸುವುದು, ಆಮೇಲೆ ಪಾಠ. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ. ಮನುಷ್ಯ ಆಸನಕ್ಕೆ ಹೊಂದಬೇಕಿಲ್ಲ, ಆಸನ ಮನುಷ್ಯನಿಗೆ ಹೊಂದಬೇಕು ಎಂಬುದು ಅವರ ಕಲಿಸುವಿಕೆಯ ಜೀವಾಳವಾಯಿತು. ಕಷ್ಟದ ಭಂಗಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮಕ್ಕೆ ವಿನ್ಯಾಸ ಎಂದರು. ಏರಿದ ಮೇಲೆ ಮೈಯನ್ನು ಸಮಸ್ಥಿತಿಗೆ ತರುವ ಎದುರು ಭಂಗಿಗೆ ಪ್ರತಿಕ್ರಿಯೆ ಎಂದರು. ಉಸಿರು ಕಟ್ಟಿದರೆ, ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಉಸಿರೇ ಅಳತೆಗೋಲು.

ಅವರ ಮಗ ದೇಶಿಕಾಚಾರ್ ನಮ್ಮವರೇ, ಅಂದರೆ ಎಂಜಿನಿಯರು. ಸಿವಿಲ್ ಓದಿ ಕೆಲಸಕ್ಕೆ ಹೊರಟಿದ್ದವರು. 1961ರ ಸುಮಾರಿಗೆ ಒಂದು ಬೆಳಿಗ್ಗೆ ನ್ಯೂಜಿಲೆಂಡಿನ ಮಹಿಳೆಯೊಬ್ಬರು ಮನೆಗೆ ಬಂದು ಆ ಸಂಪ್ರದಾಯಸ್ಥ ಮುದುಕರನ್ನು ಸಂತೋಷದಿಂದ ತಬ್ಬಿಕೊಂಡರು. ಮಗ ಕಕ್ಕಾಬಿಕ್ಕಿಯಾದ. ವರ್ಷಗಳಿಂದ ನಿದ್ದೆಯಿಲ್ಲದ ಆಕೆ ಹಿಂದಿನ ರಾತ್ರಿ ಔಷಧವಿಲ್ಲದೆ ಮಲಗಿದ್ದರಂತೆ. ಅಪ್ಪನಿಗೆ ಏನು ಗೊತ್ತಿದೆ ಎಂಬುದು ಅಂದೇ ಮಗನಿಗೆ ಗೊತ್ತಾದದ್ದು. ಎಂಜಿನಿಯರಿಂಗ್ ಬದಿಗಿಟ್ಟು ಅಪ್ಪನ ಶಿಷ್ಯರಾದರು. 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಕಟ್ಟಿದರು. ಅತ್ತ ಪುಣೆಯಲ್ಲಿ ಅಯ್ಯಂಗಾರ್ ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳ ಆಸರೆ ಕೊಟ್ಟು ಯಾರ ಮೈಗೂ ಪೆಟ್ಟಾಗದಂತೆ ಆಸನ ಮಾಡಿಸುವ ದಾರಿ ಕಂಡುಹಿಡಿದರು. ಸ್ನಾಯು ಹರಿದುಕೊಂಡ ಹುಡುಗನೇ ಇನ್ನೊಬ್ಬರ ಸ್ನಾಯು ಉಳಿಸುವ ಮೇಷ್ಟ್ರಾದ.

ಕೊನೆಯ ಪರೀಕ್ಷೆ ಕೃಷ್ಣಮಾಚಾರ್ಯರಿಗೇ ಬಂತು. ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡವೆಂದರು. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಸಾಧನೆಯೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಆಪರೇಷನ್ ಬೇಡವೆಂದ ಭಾಗವನ್ನು ನಾವ್ಯಾರೂ ಅನುಕರಿಸಬೇಕಿಲ್ಲ, ಮೂಳೆ ಮುರಿದರೆ ಡಾಕ್ಟರ ಬಳಿಗೇ ಹೋಗಬೇಕು. ನನ್ನನ್ನು ತಟ್ಟಿದ್ದು ಬೇರೆ. ಕಾರು ತಡೆದು ತೋರಿಸಿದ ಅದೇ ಮನುಷ್ಯ ಕೊನೆಗೆ ಹಾಸಿಗೆಯಲ್ಲಿ ಕೈಕಾಲು ಅಲುಗಿಸುವಷ್ಟಕ್ಕೇ ತನ್ನ ವಿದ್ಯೆಯನ್ನು ಇಳಿಸಿಕೊಂಡರು. ಅದರಲ್ಲಿ ಅವರಿಗೆ ಅವಮಾನವೆನಿಸಲಿಲ್ಲ. 1989ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ನಮ್ಮ ಪಠ್ಯದಲ್ಲಿ ಫೆಟಿಗ್ ಎಂಬ ಪಾಠವಿದೆ. ಲೋಹದ ಸರಳು ಒಮ್ಮೆಗೆ ತಡೆಯಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆ ಭಾರಕ್ಕೂ ಮುರಿಯುತ್ತದೆ, ಆ ಭಾರ ಮತ್ತೆ ಮತ್ತೆ ಬಿದ್ದರೆ. ಪರೀಕ್ಷೆಗೆಂದು ಉರುಹೊಡೆದಿದ್ದೆ, ನನ್ನ ಭುಜಕ್ಕೆ ಅನ್ವಯಿಸಿರಲಿಲ್ಲ. ಲೋಹಕ್ಕೂ ಮೈಗೂ ಒಂದು ವ್ಯತ್ಯಾಸವಿದೆ. ಬಿಡುವು ಕೊಟ್ಟರೆ ಮೈ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಮೊದಲಿಗಿಂತ ಗಟ್ಟಿಯೂ ಆಗುತ್ತದೆ. ಆ ಬಿಡುವನ್ನೇ ನಾನು ಸೋಮಾರಿತನ ಅಂದುಕೊಂಡಿದ್ದೆ.

ಡಾಕ್ಟರಿಗೆ ತೋರಿಸಿ, ಮಣಿಕಟ್ಟು ಪೂರ್ತಿ ವಾಸಿಯಾದ ಮೇಲೆ, ಕಳೆದ ರಜೆಯಲ್ಲಿ ಗೆಳತಿಯ ಊರಿಗೆ ಹೋದೆ. ಅಲ್ಲಿನ ಮೇಷ್ಟ್ರು ಮೊದಲ ಎರಡು ದಿನ ಕಂಬ ಮುಟ್ಟಲೇ ಬಿಡಲಿಲ್ಲ. ಮಣಿಕಟ್ಟು, ಭುಜ, ಸೊಂಟ ಬಿಸಿಯಾಗುವವರೆಗೆ ನೆಲದ ಮೇಲೇ ಕಸರತ್ತು. ಮೂರನೇ ದಿನ ಕಲಿಸಿದ್ದು ಏರುವುದನ್ನಲ್ಲ, ಇಳಿಯುವುದನ್ನು. ಇಳಿಯಲು ಬಂದವರಿಗಷ್ಟೇ ಏರುವ ಹಕ್ಕು ಎಂಬುದು ಅಲ್ಲಿನ ಕಟ್ಟಳೆ. ಕೆಳಗೆ ದಪ್ಪ ಹಾಸು, ಪಕ್ಕದಲ್ಲಿ ಹಿಡಿಯಲು ಇಬ್ಬರು. ಬುಡದಲ್ಲಿ ದಪ್ಪ, ತುದಿಗೆ ಸಣ್ಣಗಾಗುವ ಆ ಕಂಬಕ್ಕೆ ಹರಳೆಣ್ಣೆ ಸವರುತ್ತಾರೆ, ಚರ್ಮ ಉಜ್ಜಿ ಸುಲಿಯದಿರಲೆಂದು. ಅಜ್ಜಿಯ ಎಣ್ಣೆಯೇ, ಆದರೆ ಬೀಳುವ ಮೊದಲು. ಬಲಬದಿಗೆ ಮಾಡಿದ್ದನ್ನು ಎಡಬದಿಗೂ ಮಾಡಬೇಕು. ಚರ್ಮದ ಉರಿ, ಸ್ನಾಯುವಿನ ಆಯಾಸ ಬೇರೆ, ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಮೊದಲನೆಯದು ಎರಡು ದಿನದಲ್ಲಿ ಹೋಗುತ್ತದೆ, ಎರಡನೆಯದು ಬಂದರೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು. ಹತ್ತು ದಿನ ಮುಗಿದಾಗ ನಾನು ನೆಲದಿಂದ ಎರಡೇ ಅಡಿ ಮೇಲಿದ್ದೆ. ಪಕ್ಕದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ತುದಿಯಲ್ಲಿ ನಿಂತು ನನ್ನನ್ನು ನೋಡಿ ನಗುತ್ತಿದ್ದಳು. ನನಗೇನೂ ಬೇಸರವಾಗಲಿಲ್ಲ.

ಈಗ ಐದನೇ ಸೆಮಿಸ್ಟರ್. ಪ್ಲೇಸ್‌ಮೆಂಟ್ ಮಾತು ಶುರುವಾಗಿದೆ. ಬೆಳಗಿನ ರೈಲಿನಲ್ಲಿ ತುಮಕೂರಿಗೆ ಹೋಗುವಾಗ ಎಲ್ಲರ ಬಾಯಲ್ಲೂ ಕೋಡಿಂಗ್, ಆಪ್ಟಿಟ್ಯೂಡ್, ದಿನಕ್ಕೆ ಎಷ್ಟು ಗಂಟೆ ನಿದ್ದೆ ಬಿಟ್ಟೆ ಎಂಬ ಲೆಕ್ಕ. ನಿದ್ದೆ ಬಿಟ್ಟಿದ್ದನ್ನು ಪದಕದಂತೆ ತೋರಿಸುವ ಗೆಳೆಯರನ್ನು ಕಂಡಾಗ ನನಗೆ ಮೈಸೂರಿನ ಆ ಹುಡುಗನ ಕತ್ತರಿಸಿದ ಚಡ್ಡಿ ನೆನಪಾಗುತ್ತದೆ. ಕಲಿಯುವ ಹಟ ಬೇಕು. ಆದರೆ ಉಸಿರು ಕಟ್ಟುತ್ತಿದೆಯೇ ಎಂದು ನಡುನಡುವೆ ನೋಡಿಕೊಳ್ಳಬೇಕು.

ಬಸ್ಸಿನ ಸುಳ್ಳನ್ನು ಅಮ್ಮನ ಮುಂದೆ ಒಪ್ಪಿಕೊಂಡೆ. ಬೈದಳು. ಸಂಜೆ ಅಪ್ಪನನ್ನು ಕರೆದುಕೊಂಡು ತಾರಸಿಗೆ ಹೋಗಿ ಆ ಪೈಪನ್ನು ಅಲ್ಲಾಡಿಸಿ ನೋಡಿದಳು. ಬುಡದ ಸಿಮೆಂಟು ಬಿರುಕು ಬಿಟ್ಟಿತ್ತು. ಆ ಪೈಪು ಮನುಷ್ಯರ ಭಾರಕ್ಕೆ ಹಾಕಿದ್ದೇ ಅಲ್ಲ. ಎಂಜಿನಿಯರಿಂಗ್ ಓದುವ ನನಗೆ ಏರುವ ಮೊದಲು ಅದನ್ನಾದರೂ ನೋಡಬೇಕೆನಿಸಿರಲಿಲ್ಲ. ಅಪ್ಪ ಮತ್ತೆ ಸಿಮೆಂಟು ಹಾಕಿಸಿದ್ದಾರೆ. ಈಗ ಅದರ ಮೇಲೆ ಬಟ್ಟೆಗಳು ಮಾತ್ರ ನೇತಾಡುತ್ತವೆ. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಣಿಕಟ್ಟು ತಿರುಗಿಸುತ್ತಾ ಮುಂದಿನ ರಜೆಗೆ ಕಾಯುತ್ತಿದ್ದೇನೆ.