ಮಣ್ಣಿನಿಂದ ಮ್ಯಾಟಿಗೆ: ಖಾಶಾಬಾ ಜಾಧವ್

ನಮ್ಮ ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರು ಕಡೆ ಜಾತ್ರೆ, ಉರುಸುಗಳಲ್ಲಿ ಮಣ್ಣಿನ ಅಖಾಡದ ಕುಸ್ತಿಯನ್ನು ನೀವು ನೋಡಿರುತ್ತೀರಿ. ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ನಮ್ಮ ಮನೆಯ ಉರ್ದುವಿನಲ್ಲೂ ಅದಕ್ಕೆ ಇದೇ ಮಾತು. ಇಂಥ ಕುಸ್ತಿ ಕಲಿತಿದ್ದ ಒಬ್ಬ ಕಾಲೇಜು ಹುಡುಗ ಒಲಿಂಪಿಕ್ಸ್‌ಗೆ ಹೋದಾಗ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು.

ಖಾಶಾಬಾ ದಾದಾಸಾಹೇಬ ಜಾಧವ್ ಹುಟ್ಟಿದ್ದು 1926ರ ಜನವರಿ 15ರಂದು, ಮಹಾರಾಷ್ಟ್ರದ ಕರಾಡ್ ಹತ್ತಿರದ ಗೋಳೇಶ್ವರದಲ್ಲಿ. ಶಿಗ್ಗಾವಿ ಮೇಲೆ ಹೋಗುವ ಪುಣೆ-ಬೆಂಗಳೂರು ಹೆದ್ದಾರಿಯೇ ಕರಾಡ್ ಮೇಲೂ ಹೋಗುತ್ತದೆ. ತಂದೆಯೇ ಪೈಲ್ವಾನರು, ಅವರೇ ಮೊದಲ ಗುರು.

ಮುಂದೆ ಕೊಲ್ಹಾಪುರದ ರಾಜಾರಾಮ್ ಕಾಲೇಜು ಸೇರಿದರು. ಎತ್ತರ ಐದೂವರೆ ಅಡಿಗೂ ಕಡಿಮೆ, ಮೈ ತೆಳ್ಳಗೆ. ಕ್ರೀಡಾಕೂಟದ ಕುಸ್ತಿಗೆ ಹೆಸರು ಕೊಡಲು ಹೋದರೆ ದೈಹಿಕ ಶಿಕ್ಷಕರು ಬೇಡವೆಂದರು. ಜಾಧವ್ ನೇರವಾಗಿ ಪ್ರಿನ್ಸಿಪಾಲ್ ಖರ್ಡೇಕರ್ ಅವರ ಬಳಿ ಹೋಗಿ ಒಪ್ಪಿಗೆ ಪಡೆದರು. ತಮಗಿಂತ ಅನುಭವವಿದ್ದವರನ್ನೇ ಕೆಡವಿದರು.

1948ರಲ್ಲಿ ಕೊಲ್ಹಾಪುರ ಮಹಾರಾಜರ ಖರ್ಚಿನಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಮಣ್ಣಿರಲಿಲ್ಲ, ಮ್ಯಾಟ್ ಇತ್ತು. ಮಣ್ಣಿನಲ್ಲಿ ಕಾಲೂರಿ ನಿಂತು ರೂಢಿಯಾದವನಿಗೆ ಮ್ಯಾಟ್ ಮೇಲೆ ನಿಲ್ಲುವುದೇ ಒಂದು ಪಾಠ. ನಿಯಮವೂ ಬೇರೆ: ಎದುರಾಳಿಯ ಎರಡೂ ಭುಜಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು, ಹೊತ್ತು ಮೀರಿದರೆ ಗೆದ್ದವರು ಯಾರೆಂದು ಆಗ ತೀರ್ಪುಗಾರರು ಹೇಳುತ್ತಿದ್ದರು. ಊರಿನಲ್ಲಿ ಹೆಸರಾದ ಪೈಲ್ವಾನ ಅಲ್ಲಿ ಬರೀ ಹೊಸಬ. ಅಮೆರಿಕದ ರೀಸ್ ಗಾರ್ಡ್ನರ್ ಅವರ ಕೈಕೆಳಗೆ ಕಲಿತು, ಆಸ್ಟ್ರೇಲಿಯಾ ಮತ್ತು ಅಮೆರಿಕದ ಪೈಲ್ವಾನರನ್ನು ಸೋಲಿಸಿ, ಇರಾನಿನ ಮನ್ಸೂರ್ ರಯೀಸಿ ಅವರಿಗೆ ಸೋತು, ಆರನೇ ಸ್ಥಾನ ಪಡೆದರು. ಮುಂದೆ ಬಂದ ಪದಕಕ್ಕಿಂತ ಈ ಆರನೇ ಸ್ಥಾನವೇ ದೊಡ್ಡದೆಂದು ನನಗೆ ಅನಿಸುತ್ತದೆ.

ನಾಲ್ಕು ವರ್ಷ ಬಿಡದೆ ತಾಲೀಮು ಮಾಡಿದರು. 1952ರ ಆಯ್ಕೆಯಲ್ಲಿ ಕೈಬಿಟ್ಟಾಗ ಪಟಿಯಾಲ ಮಹಾರಾಜರಿಗೆ ದೂರು ಕೊಟ್ಟು, ಮತ್ತೆ ಕುಸ್ತಿ ಹಿಡಿದು ಗೆದ್ದರು. ಇನ್ನು ಹೆಲ್ಸಿಂಕಿಗೆ ಹೋಗಲು ದುಡ್ಡು ಬೇಕಲ್ಲ? ಊರವರು ಚಂದಾ ಎತ್ತಿದರು. ಖರ್ಡೇಕರ್ ಅವರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಕಾಮರ್ಸ್ ಓದುವ ನನಗೆ ಈ ಲೆಕ್ಕ ಎಷ್ಟು ಕೂಡಿಸಿದರೂ ಹೊಂದುವುದಿಲ್ಲ: ಪದಕ ಖಾತ್ರಿಯಿಲ್ಲ, ಸಾಲ ಮಾತ್ರ ಖಾತ್ರಿ.

ಹೆಲ್ಸಿಂಕಿಯಲ್ಲಿ ಕೆನಡಾ, ಮೆಕ್ಸಿಕೊ, ಜರ್ಮನಿಯವರನ್ನು ಸೋಲಿಸಿದರು. ಜಪಾನಿನ ಇಶೀ ಜೊತೆ ಬಹಳ ಹೊತ್ತು ಸೆಣಸಿ ಸೋತ ಕೂಡಲೇ ಸೋವಿಯತ್ ಪೈಲ್ವಾನನ ಎದುರು ಕರೆದರು. ನಡುವೆ ಅರ್ಧ ಗಂಟೆ ವಿಶ್ರಾಂತಿ ಸಿಗಬೇಕಿತ್ತು. ಅದನ್ನು ಕೇಳಲು ಭಾರತದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ದಣಿದ ಮೈಯಲ್ಲಿ ಸೋತರು, ಕಂಚು ಬಂತು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದು ಬಂದದ್ದು 1996ರಲ್ಲಿ, ಟೆನಿಸ್‌ನ ಲಿಯಾಂಡರ್ ಪೇಸ್ ಅವರಿಂದ.

ಕರಾಡ್‌ನಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆ ಆಯಿತು. ಆಮೇಲೆ ಜಾಧವ್ ಕುಸ್ತಿ ಪಂದ್ಯ ಏರ್ಪಡಿಸಿ, ಬಂದ ಹಣದಿಂದ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟರು.

1955ರಲ್ಲಿ ಸಬ್ ಇನ್‌ಸ್ಪೆಕ್ಟರಾಗಿ ಪೊಲೀಸ್ ಇಲಾಖೆ ಸೇರಿದರು. ಮೊಣಕಾಲು ಪೆಟ್ಟಿನಿಂದ ಮುಂದಿನ ಒಲಿಂಪಿಕ್ಸ್ ತಪ್ಪಿತು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.