ಗ್ರಾಮಫೋನಿಗೆ ಸ್ಥಿರ ವೇಗ ಕೊಟ್ಟ ಎಲ್‌ಡ್ರಿಜ್ ಜಾನ್ಸನ್

ಗ್ರಾಮಫೋನನ್ನು ಕಂಡುಹಿಡಿದ ಕೀರ್ತಿ ಬರ್ಲಿನರ್ ಅವರದು. ಅದು ಮನೆಮನೆಗಳ ಪಡಸಾಲೆ ಸೇರುವಂತಾದದ್ದು ಎಲ್‌ಡ್ರಿಜ್ ಜಾನ್ಸನ್ ಎಂಬ ಮೆಕ್ಯಾನಿಕ್‌ನಿಂದ.

1867ರಲ್ಲಿ ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿ ಜನಿಸಿದ ಜಾನ್ಸನ್‌ರಿಗೆ ಕಾಲೇಜು ಸೇರುವ ಹಂಬಲವಿತ್ತು. ಹುಡುಗನಿಗೆ ಓದು ಹತ್ತದು, ಕಸುಬು ಕಲಿಯಲಿ ಎಂದು ಶಾಲೆಯ ಮುಖ್ಯಸ್ಥರು ತೀರ್ಮಾನಿಸಿದರು. ಫಿಲಡೆಲ್ಫಿಯಾದ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಮುಂದೆ ಕ್ಯಾಮ್ಡೆನ್ ಪಟ್ಟಣದಲ್ಲಿ ಪುಟ್ಟ ವರ್ಕ್‌ಶಾಪಿಗೆ ಒಡೆಯರಾದರು.

1896ರಲ್ಲಿ ಬರ್ಲಿನರ್‌ರ ಯಂತ್ರ ಅಲ್ಲಿಗೆ ಬಂತು. ಅದನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಕೈ ಅವಸರಿಸಿದರೆ ಸ್ವರ ಏರುತ್ತಿತ್ತು, ದಣಿದರೆ ಇಳಿಯುತ್ತಿತ್ತು. ಷಡ್ಜವೇ ನಿಲ್ಲದ ಮೇಲೆ ಹಾಡೆಲ್ಲಿಯದು? ಸ್ಪ್ರಿಂಗ್ ಜೋಡಿಸಿದರೂ ತೊಡಕು ತಪ್ಪದು. ಕೀಲಿ ಕೊಟ್ಟಾಗ ಬಿಗಿಯಾಗಿರುವ ಸುರುಳಿ ಬಿಚ್ಚುತ್ತ ಹೋದಂತೆ ಬಲ ಕುಂದುತ್ತದೆ. ಇದಕ್ಕೆ ಉತ್ತರ ಗವರ್ನರ್. ತಿರುಗುವ ದಂಡಕ್ಕೆ ಬಾಗುವ ಪಟ್ಟಿಗಳ ಮೂಲಕ ಪುಟ್ಟ ತೂಕಗಳನ್ನು ಕಟ್ಟಲಾಗಿರುತ್ತದೆ. ವೇಗ ಮಿತಿಮೀರಿದೊಡನೆ ಅವು ಹೊರಕ್ಕೆ ಹರಡಿ ಬಿಲ್ಲೆಯೊಂದನ್ನು ಎಳೆಯುತ್ತವೆ. ಅದು ಮೆತ್ತೆಗೆ ಉಜ್ಜಿ ವೇಗ ತಗ್ಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಸ್ವರ ನಡುಗಿದರೆ ರಿಪೇರಿಯವರು ಇಂದಿಗೂ ಮೊದಲು ನೋಡುವುದು ಇದನ್ನೇ, ಜೊತೆಗೆ ಒಣಗಿ ಗಟ್ಟಿಯಾದ ಗ್ರೀಸನ್ನು. ಜಾನ್ಸನ್ ಸ್ಪ್ರಿಂಗ್ ಮೋಟಾರನ್ನು ನಂಬುವಂಥದ್ದಾಗಿ ಮಾಡಿದರು.

1901ರಲ್ಲಿ ಅವರು ಸ್ಥಾಪಿಸಿದ್ದು ವಿಕ್ಟರ್ ಟಾಕಿಂಗ್ ಮಷಿನ್ ಕಂಪನಿ. ನಮ್ಮಲ್ಲಿ ಎಚ್‌ಎಂವಿ ತಟ್ಟೆಗಳ ಮೇಲೆ ಕಂಡ ನಾಯಿಯೇ ಅಲ್ಲಿ ವಿಕ್ಟರ್‌ನ ಮುದ್ರೆ. 1906ರಲ್ಲಿ ಕಹಳೆಯನ್ನು ಪೀಠೋಪಕರಣದೊಳಗೆ ಅಡಗಿಸಿದ ವಿಕ್ಟ್ರೋಲಾ ಬಂದು ಅಪಾರ ಹಣ ತಂದಿತು.

ಆದರೆ ರೇಡಿಯೊದ ಬಲವನ್ನು ಜಾನ್ಸನ್ ಅರಿಯದೇ ಹೋದರು. 1924ರ ವೇಳೆಗೆ ಮಾರಾಟ ಕುಸಿಯಿತು. ಮರುವರ್ಷ ವಿದ್ಯುತ್ ಮುದ್ರಣ ಮತ್ತು ಹೊಸ ಮಾದರಿಯ ಪೆಟ್ಟಿಗೆಯಿಂದ ಕಂಪನಿ ಚೇತರಿಸಿಕೊಂಡಿತಾದರೂ 1926ರ ಕೊನೆಗೆ ತಮ್ಮ ಪಾಲನ್ನು ಬ್ಯಾಂಕರುಗಳಿಗೆ ಮಾರಲು ಒಪ್ಪಿದರು. ತಟ್ಟೆಗಳನ್ನು ತಾನೇ ಬದಲಿಸುವ ಸ್ವಯಂಚಾಲಿತ ಯಂತ್ರವನ್ನು ವಿಕ್ಟರ್ ಮಾರುಕಟ್ಟೆಗೆ ತಂದದ್ದು 1927ರಲ್ಲಿ. ಆಗ ಜಾನ್ಸನ್ ಅಲ್ಲಿರಲಿಲ್ಲ. 1929ರಲ್ಲಿ ಕಂಪನಿ ಆರ್‌ಸಿಎ ಎಂಬ ರೇಡಿಯೊ ಸಂಸ್ಥೆಯ ಪಾಲಾಯಿತು.

ಓದು ಹತ್ತದೆನಿಸಿಕೊಂಡವರು 1928ರಲ್ಲಿ ಕೊಂಡದ್ದು ಲೂಯಿ ಕ್ಯಾರಲ್‌ರ ಆಲಿಸ್ ಕಥೆಯ ಮೂಲ ಹಸ್ತಪ್ರತಿಯನ್ನು. 1945ರಲ್ಲಿ ಅವರು ತೀರಿಕೊಂಡ ಬಳಿಕ ಅದು ಹರಾಜಾಯಿತು. ಅಮೆರಿಕದ ಅಭಿಮಾನಿಗಳು ಕೊಂಡು 1948ರಲ್ಲಿ ಬ್ರಿಟನ್ನಿಗೆ ಉಡುಗೊರೆಯಾಗಿ ಮರಳಿಸಿದರು.