ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂದು ನುಡಿಯುವವರು ಬಹುಮಂದಿ. ಅಂಗಡಿಯಲ್ಲಿ ಕುಳಿತೇ ಅದನ್ನು ನಡೆದು ತೋರಿದವರು ವಿರಳ. ಗುಬ್ಬಿ ತೋಟದಪ್ಪನವರು ಅಂಥ ವಿರಳರಲ್ಲೊಬ್ಬರು.

1838ರಲ್ಲಿ ಗುಬ್ಬಿಯ ವೀರಶೈವ ಮನೆತನವೊಂದರಲ್ಲಿ ಜನಿಸಿದ ಅವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ನೆಲೆಸಿ ವ್ಯಾಪಾರ ನಡೆಸಿದರು. ವ್ಯಾಪಾರ ಕೈಹತ್ತಿತು, ಐಶ್ವರ್ಯ ಕೂಡಿತು. ಆದರೆ ಆ ದಂಪತಿಗಳಿಗೆ ಸಂತಾನಭಾಗ್ಯವಿರಲಿಲ್ಲ. ಇಂಥ ಸಂದರ್ಭದಲ್ಲಿ ಲೋಕದ ರೂಢಿ ದತ್ತು ಸ್ವೀಕಾರ. ತೋಟದಪ್ಪನವರು ತಮ್ಮ ಗಳಿಕೆಯನ್ನು ಹೆಸರು ಕುಲ ತಿಳಿಯದ ದಾರಿಹೋಕರಿಗೆ ಮೀಸಲಿಟ್ಟರು.

ಕಾಲವೂ ಅದನ್ನೇ ಬೇಡುತ್ತಿತ್ತು. ಹಿಂದೆ ಗುಬ್ಬಿ, ತುಮಕೂರುಗಳ ಗಾಡಿಗಳು ನೆಲಮಂಗಲದ ಮೇಲೆ ಹಾದು, ಅಲ್ಲಲ್ಲಿ ತೋಪಿನ ನೆರಳಿನಲ್ಲಿ ಕೊರಳು ಬಿಚ್ಚಿ, ನಿಧಾನವಾಗಿ ಪೇಟೆಯನ್ನು ಸೇರುತ್ತಿದ್ದವು. 1884ರಲ್ಲಿ ತುಮಕೂರಿಗೆ ರೈಲುಮಾರ್ಗವಾಯಿತು. ಅನಂತರ ದೊಡ್ಡಬಳ್ಳಾಪುರದ ಕಡೆಗೂ ಹಳಿ ಬಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ನಿಲ್ದಾಣದಲ್ಲಿಳಿದ ಹಳ್ಳಿಗನಿಗೆ ಪಟ್ಟಣದಲ್ಲಿ ನೆಂಟರಿಲ್ಲದಿದ್ದರೆ ಗಂಟುಮೂಟೆಯನ್ನೇ ತಲೆದಿಂಬು ಮಾಡಿಕೊಂಡು ಬಯಲಲ್ಲಿ ಮಲಗುವುದೊಂದೇ ಗತಿ. ಬಂಡಿ ನಿಂತಲ್ಲಿ ಒಂದು ಮರವಾದರೂ ಇರುತ್ತಿತ್ತು!

ಕೀರ್ತಿಯೊಂದೇ ಬೇಕಾಗಿದ್ದರೆ ಗೋಪುರವೊಂದನ್ನು ಎತ್ತಿಸಬಹುದಾಗಿತ್ತು. ತೋಟದಪ್ಪನವರು 1897ರಲ್ಲಿ ರೈಲ್ವೆಯವರಿಂದ, ನಿಲ್ದಾಣದ ಸಮೀಪದಲ್ಲಿಯೇ, ಎರಡೂವರೆ ಎಕರೆ ನೆಲವನ್ನು ಕೊಂಡರು. ಸ್ಥಳದ ಈ ಆಯ್ಕೆಯಲ್ಲಿಯೇ ಅವರ ವಿವೇಕವೆಲ್ಲವೂ ಕಾಣುತ್ತದೆ: ದಣಿದವನು ಧರ್ಮವನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕಾಗಲಿಲ್ಲ. ಯಾತ್ರಿಕರಿಗೆ ಉಚಿತವಾಗಿ ತಂಗಲು ಅಲ್ಲಿ ಕಟ್ಟಿಸಿದ ಧರ್ಮಛತ್ರವನ್ನು, ಹಿಂದಿನ ವರ್ಷವಷ್ಟೇ ರಾಜ್ಯಾಧಿಕಾರ ವಹಿಸಿಕೊಂಡಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು 1903ರ ಫೆಬ್ರವರಿಯಲ್ಲಿ ಉದ್ಘಾಟಿಸಿದರು. ಮಹಾರಾಜರು 1905ರಲ್ಲಿ ಅವರಿಗೆ 'ಧರ್ಮಪ್ರವರ್ತ' ಬಿರುದನ್ನಿತ್ತರು. ಮುಂದೆ ಬ್ರಿಟಿಷ್ ಸರ್ಕಾರದ 'ರಾವ್ ಬಹದ್ದೂರ್' ಪದವಿಯೂ ಬಂದಿತು.

ಬಿರುದುಗಳಿಗಿಂತ ಹೆಚ್ಚಾಗಿ ಗಮನಿಸತಕ್ಕದ್ದು ಅವರ ಕೊನೆಯ ಏರ್ಪಾಡು. ಕಟ್ಟಿದಾತ ಕಣ್ಮುಚ್ಚಿದೊಡನೆ ಜ್ಞಾತಿಗಳ ವ್ಯಾಜ್ಯಕ್ಕೆ ಸಿಕ್ಕಿ ಹಾಳಾದ ಛತ್ರಗಳು ನಾಡಿನಲ್ಲಿ ಕಡಮೆಯೇನಲ್ಲ. ಆ ಗತಿ ತಮ್ಮ ಧರ್ಮಕ್ಕೆ ಬಾರದಂತೆ ತೋಟದಪ್ಪನವರು ಅಂತ್ಯಕಾಲಕ್ಕೆ ಮುನ್ನವೇ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಸರ್ಕಾರದಲ್ಲಿಯೂ ಸಮಾಜದಲ್ಲಿಯೂ ಪ್ರತಿಷ್ಠಿತರಾಗಿದ್ದ ಕೆ. ಪಿ. ಪುಟ್ಟಣ್ಣಚೆಟ್ಟರನ್ನು ಅದಕ್ಕೆ ಅಧ್ಯಕ್ಷರನ್ನಾಗಿ ನೇಮಿಸಿದರು. 1910ರ ಫೆಬ್ರವರಿಯಲ್ಲಿ ತಮ್ಮ 72ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗೆ ಆ ಸಂಸ್ಥೆಯ ಉಚಿತ ವಿದ್ಯಾರ್ಥಿನಿಲಯ ಆಸರೆಯಾಯಿತು. ಮಕ್ಕಳಿಲ್ಲದ ಆ ದಂಪತಿಗಳ ಧರ್ಮದಲ್ಲಿ ಹೀಗೆ ಓದಿದವರ ಪೀಳಿಗೆಗಳೇ ಬೆಳೆದಿವೆ.